ಒಳಗೆ ಚಿನ್ನ ಇರುತ್ತಂತೆ, ನಿಜಾನಾ?

ನಮಸ್ಕಾರ. ಹೋದ ತಿಂಗಳು ಹೊಸದುರ್ಗದಿಂದ ಅಣ್ಣನ ಮಗ ಫೋನ್ ಮಾಡಿದ್ದ. ಎಂದೂ ಮಾಡದೋನು. ಹುಷಾರಾಗಿದೀರಾ ಅನ್ನೋದನ್ನೂ ಕೇಳ್ದೆ ಶುರು ಮಾಡಿದ: "ಚಿಕ್ಕಪ್ಪ, ಅಮೆರಿಕಾದಲ್ಲಿ ನೂರು ಡಾಲರಿಗೆ ಗೋಡೌನಿಗೆ ಗೋಡೌನೇ ಕೊಟ್ಟುಬಿಡ್ತಾರಂತೆ, ಒಳಗೆ ಚಿನ್ನ ಇರುತ್ತಂತೆ, ನಿಜಾನಾ?"

ರೀಲ್ಸ್ ನೋಡಿದಾನೆ. ನಾನು ಹೇಳಿದೆ, ಇರಬಹುದಪ್ಪಾ, ನನಗೆ ಎರಡು ವರ್ಷದಲ್ಲಿ ಸಿಕ್ಕಿರೋದು ಮಾತ್ರ ಹನ್ನೊಂದು ಮೈಕ್ರೋವೇವ್, ಅದರಲ್ಲಿ ಓಡಿದ್ದು ನಾಲ್ಕು.

ಇವತ್ತು ಅದೇ ಮಾತು. ನಾನಿರೋದು ಟೆಕ್ಸಾಸಿನ ಡಲ್ಲಾಸ್ ಪಕ್ಕ. ವಾರಪೂರ್ತಿ ಆಫೀಸು, ಶನಿವಾರ ಭಾನುವಾರ ನಾನೂ ನನ್ನ ಪಕ್ಕದ ಮನೆಯವನೂ ಸೇರಿ ಹಿಂಗೆ ಬಿಟ್ಟುಹೋದ ಸ್ಟೋರೇಜ್ ಯೂನಿಟ್, ಅಂದ್ರೆ ಸಾಮಾನಿಡೋ ಬಾಡಿಗೆ ಕೋಣೆ, ಹರಾಜಲ್ಲಿ ಕೊಂಡು, ಒಳಗಿರೋ ಸಾಮಾನು ಮಾರ್ತೀವಿ. ಗ್ರೀನ್ ಕಾರ್ಡ್ ಬಂದಮೇಲೆ ಶುರು ಮಾಡಿದ್ದು. ಎಚ್-1ಬಿ ಮೇಲಿರೋ ಹುಡುಗರು ಇದನ್ನ ಕೇಳಿ ಶನಿವಾರ ಟ್ರಕ್ ಬಾಡಿಗೆಗೆ ಹೋಗಬೇಡಿ. ಆ ವೀಸಾದಲ್ಲಿ ಸ್ಪಾನ್ಸರ್ ಮಾಡಿದ ಕಂಪನಿಗೆ ಬಿಟ್ಟು ಬೇರೆ ಯಾವ ದುಡಿಮೆಯೂ ಮಾಡೋ ಹಾಗಿಲ್ಲ.

ಊರಲ್ಲಿ ಕೂತು ನೋಡ್ತಿರೋರಿಗೆ ಒಂದು ಮಾತು. ಇಲ್ಲಿ ಊರಾಚೆ ಹೈವೇ ಪಕ್ಕ ಸಾಲು ಸಾಲಾಗಿ ತಗಡಿನ ಶಟರ್ ಹಾಕಿದ ಕೋಣೆಗಳಿರ್ತವೆ. ಐದಡಿಗೆ ಐದಡಿ ಇಂದ ಹಿಡಿದು, ಹತ್ತಡಿಗೆ ಇಪ್ಪತ್ತಡಿವರೆಗೂ. ಮನೆ ಚಿಕ್ಕದಾದೋರು, ಊರು ಬಿಟ್ಟು ಹೋಗೋರು ತಿಂಗಳ ಬಾಡಿಗೆಗೆ ತಗೊಂಡು ಸಾಮಾನು ತುಂಬಿ ತಮ್ಮದೇ ಬೀಗ ಹಾಕ್ತಾರೆ. ಈ ಧಂಧೆಯೋರು 'ನಾಲ್ಕು ಡಿ' ಅಂತಾರೆ: ಡೆತ್, ಡಿವೋರ್ಸ್, ಡೌನ್‌ಸೈಜಿಂಗ್, ಡಿಸ್‌ಲೊಕೇಷನ್. ಸಾವು, ವಿಚ್ಛೇದನ, ಮನೆ ಚಿಕ್ಕದಾಗೋದು, ಊರು ಬಿಡೋದು. ಗಿರಾಕಿ ಬರೋದೇ ಈ ನಾಲ್ಕು ಬಾಗಿಲಿಂದ ಅಂತ ಲೆಕ್ಕ. ಮೊದಲನೇ ಸಲ ಕೇಳಿದಾಗ ನಕ್ಕಿದ್ದೆ.

ಬಾಡಿಗೆ ಬಾಕಿಯಾದರೆ? ನಮ್ಮ ಕಡೆ ಗಿರವಿ ಇಟ್ಟ ಒಡವೆ ಗೊತ್ತಲ್ಲ, ಬಡ್ಡಿ ಕಟ್ಟದಿದ್ದರೆ ಪೇಪರಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹರಾಜು ಪ್ರಕಟಣೆ ಬರುತ್ತಲ್ಲ, ಸಾಲದ ನಂಬರು, ಹೆಸರು, ಊರು. ಥೇಟ್ ಅದೇ. ಸಾಮಾನಿನ ಮೇಲೆ ಮಾಲೀಕನಿಗೆ ಹಕ್ಕು ಬರುತ್ತೆ, ಲೀನ್ ಅಂತಾರೆ. ಒಂದೊಂದು ರಾಜ್ಯಕ್ಕೂ ಅದರದೇ ಕಾನೂನು. ಟೆಕ್ಸಾಸಿನಲ್ಲಿ ನೋಟಿಸ್ ಕೊಟ್ಟು 14 ದಿನ ಕಾಯಬೇಕು, ಆಮೇಲೆ ಹರಾಜಿನ ಪ್ರಕಟಣೆ, ಆಮೇಲೆ ಹರಾಜು. ಹರಾಜಿಗೆ ಮೊದಲು ಯಾವಾಗ ಬಂದು ಬಾಕಿ ಕಟ್ಟಿದರೂ ಸಾಮಾನು ಅವರದೇ. ಬಾಕಿ ಕಳೆದು ಹರಾಜಲ್ಲಿ ಹೆಚ್ಚು ಬಂದರೆ ಆ ಹೆಚ್ಚಿನ ದುಡ್ಡೂ ಅವರಿಗೇ ಸೇರಬೇಕು. ಇದು ಎಷ್ಟು ಜನ ಬಾಡಿಗೆದಾರರಿಗೆ ಗೊತ್ತಿದೆಯೋ. ಮಿಲಿಟರಿ ಡ್ಯೂಟಿ ಮೇಲಿರೋರ ಸಾಮಾನನ್ನಂತೂ ಕೋರ್ಟ್ ಆದೇಶ ಇಲ್ಲದೆ ಮುಟ್ಟೋ ಹಾಗಿಲ್ಲ.

ಎಷ್ಟೋ ಸಲ ನಾನು ಮೂರು ದಿನ ಬಿಡ್ ಹಾಕ್ಕೊಂಡು ಕಾದಿರ್ತೀನಿ, ಕೊನೇ ದಿನ ಮಧ್ಯಾಹ್ನ 'ಕ್ಯಾನ್ಸಲ್' ಅಂತ ಬರುತ್ತೆ. ಯಾರೋ ಹೆಂಗೋ ದುಡ್ಡು ಹೊಂದಿಸಿ ಕಟ್ಟಿರ್ತಾರೆ. ಆಗ ಥೂ ಅಂತಲೂ ಅನ್ಸುತ್ತೆ, ಸದ್ಯ ಅಂತಲೂ ಅನ್ಸುತ್ತೆ. ಎರಡೂ ನಿಜ.

ಈ ಚಿನ್ನದ ಹುಚ್ಚು ಹಿಡಿಸಿದ್ದು ಟೀವಿ. 2010ರ ಡಿಸೆಂಬರಿನಲ್ಲಿ ಎ ಆ್ಯಂಡ್ ಇ ಚಾನೆಲ್‌ನಲ್ಲಿ 'ಸ್ಟೋರೇಜ್ ವಾರ್ಸ್' ಶುರುವಾಯ್ತು. ಶಟರ್ ಎತ್ತೋದು, ಹೊಸ್ತಿಲಲ್ಲೇ ನಿಂತು ಟಾರ್ಚ್ ಬಿಡೋದು, ಜಿದ್ದಿಗೆ ಬಿದ್ದು ಕೂಗೋದು, ಆಮೇಲೆ ಪೆಟ್ಟಿಗೆ ತೆಗೆದು 'ವಾವ್'. ಎರಡು ವರ್ಷ ಕಳೆದು ಆ ಶೋನಲ್ಲೇ ಇದ್ದ ಒಬ್ಬ ಕೋರ್ಟಿಗೆ ಹೋದ, ಬೆಲೆಬಾಳೋ ಸಾಮಾನನ್ನ ಶೋನವರೇ ತಂದು ಇಡ್ತಿದ್ರು ಅಂತ. ಚಾನೆಲ್ ಒಪ್ಪಲಿಲ್ಲ, ಕೊನೆಗೆ ರಾಜಿಯಾಯ್ತು. ಸತ್ಯ ಏನೇ ಇರಲಿ, ಆ ಶೋ ಬಂದಮೇಲೆ ಹರಾಜಿನ ಅಂಗಳಕ್ಕೆ ಜಾತ್ರೆ ಬಂತು ಅಂತ ಹಳಬರು ಇವತ್ತಿಗೂ ಗೊಣಗ್ತಾರೆ.

ಹಂಗಂತ ನಿಧಿ ಸಿಕ್ಕೇ ಇಲ್ಲ ಅನ್ನೋಕಾಗಲ್ಲ. 1989ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಗಂಡ ಹೆಂಡತಿ ಒಳಗೇನಿದೆ ಅಂತ ನೋಡದೆ ಸುಮಾರು ನೂರು ಡಾಲರಿಗೆ ಒಂದು ಯೂನಿಟ್ ಕೊಂಡರು. ಒಳಗೆ ಕಂಬಳಿ ಹೊದ್ದ ಒಂದು ಬಿಳಿ ಕಾರು, ಚಕ್ರವೇ ಇಲ್ಲ. ಅವರಿಬ್ಬರೂ ಜೇಮ್ಸ್ ಬಾಂಡ್ ಸಿನಿಮಾ ನೋಡಿದೋರಲ್ಲ. ಬೇರೆಯವರು ಹೇಳಿದಮೇಲೆ ಗೊತ್ತಾಯ್ತು, ಅದು ಬಾಂಡ್ ನೀರೊಳಗೆ ಓಡಿಸಿದ ಲೋಟಸ್ ಕಾರು ಅಂತ. 2013ರಲ್ಲಿ ಲಂಡನ್ನಿನ ಹರಾಜಲ್ಲಿ ಐದೂವರೆ ಲಕ್ಷ ಪೌಂಡಿಗೆ ಹೋಯ್ತು, ಕೊಂಡೋನು ಈಲಾನ್ ಮಸ್ಕ್. ನಮ್ಮ ಹುಡುಗರು ತೋರಿಸೋದು ಈ ಒಂದೇ ಕತೆ. ಅದಾಗಿ ಎಷ್ಟು ವರ್ಷ ಆಯ್ತು ಲೆಕ್ಕ ಹಾಕಿ.

ಈಗ ನನ್ನ ಲೆಕ್ಕ ಕೇಳಿ. ಹೋದ ವರ್ಷದ ಒಂದು ಯೂನಿಟ್, ಹತ್ತಡಿಗೆ ಹತ್ತಡಿ. ಈಗೆಲ್ಲ ಹರಾಜು ಬಹುಪಾಲು ಆನ್‌ಲೈನೇ, ಆರೇಳು ಫೋಟೋ ನೋಡಿ ಬಿಡ್ ಹಾಕಬೇಕು. ಬಿಡ್ 310 ಡಾಲರ್. ಸೈಟಿನವರ ಕಮಿಷನ್ 46. ಟ್ರಕ್ ಬಾಡಿಗೆ, ಪೆಟ್ರೋಲು ಸೇರಿ 95. ಕಸ ಹಾಕೋ ಜಾಗದಲ್ಲಿ ಎರಡು ಟ್ರಿಪ್ಪಿಗೆ 80. ಡಬ್ಬ, ಟೇಪು, ಪೋಸ್ಟಿನ ಖರ್ಚು 25. ಒಟ್ಟು 556. ಕ್ಲೀನಿಂಗ್ ಡೆಪಾಸಿಟ್ ಅಂತ ನೂರು ಡಾಲರ್ ಬೇರೆ ಇಟ್ಕೊಂಡಿದ್ರು. ಎರಡೇ ದಿನದಲ್ಲಿ ಗುಡಿಸಿ ಖಾಲಿ ಮಾಡಿದ್ದಕ್ಕೆ ವಾಪಸ್ ಬಂತು. ಟ್ಯಾಕ್ಸ್ ಪರ್ಮಿಟ್ ಮಾಡಿಸ್ಕೊಂಡಿದ್ದಕ್ಕೆ ಬಿಡ್ ಹಣದ ಮೇಲಿನ ಸೇಲ್ಸ್ ಟ್ಯಾಕ್ಸ್ ಉಳೀತು, ಇಲ್ಲದಿದ್ರೆ ಇಲ್ಲಿ ನೂರಕ್ಕೆ ಎಂಟೂಕಾಲು.

ಬಂದಿದ್ದು? ವಾಷರ್ ಡ್ರೈಯರ್ ಜೋಡಿ 280. ಊಟದ ಟೇಬಲ್ಲು, ನಾಲ್ಕು ಕುರ್ಚಿ 120. ಡ್ರಿಲ್ಲು, ಸ್ಪ್ಯಾನರು ಇತ್ಯಾದಿ 165. ವ್ಯಾಕ್ಯೂಮ್ 70. ಮಕ್ಕಳ ಸೈಕಲ್ ಎರಡು 60. ಮಿಕ್ಕಿದ್ದು ಮನೆ ಮುಂದೆ ಹರಡಿ ಮಾರಿದ್ದು 90. ಒಟ್ಟು 785. ಲಾಭ 229 ಡಾಲರ್.

ಭೇಷ್ ಅಂತೀರಾ? ನನ್ನ ಹೆಂಡತಿ ಸೋಫಾ ಮೇಲೆ ಕೂತು ಕೇಳಿದ್ಲು, "ಇಬ್ಬರೂ ಸೇರಿ ಎಷ್ಟು ಗಂಟೆ ಆಯ್ತ್ರೀ?" ಮೂವತ್ತೊಂದು. ಫೋನ್ ತೆಗೆದು ಭಾಗಿಸಿದ್ಲು. ಗಂಟೆಗೆ 7 ಡಾಲರ್ 39 ಸೆಂಟ್. ಇಲ್ಲಿನ ಕನಿಷ್ಠ ಕೂಲಿ 7 ಡಾಲರ್ 25. "ಹದಿನಾಲ್ಕು ಸೆಂಟ್ ಜಾಸ್ತಿ ದುಡಿದಿದ್ದೀರ, ಸೊಂಟಕ್ಕೆ ಮುಲಾಮು ತಗೊಳ್ಳಿ" ಅಂದ್ಲು.

ಇದನ್ನ ರೀಲ್ಸಿನಲ್ಲಿ ಯಾರೂ ಹೇಳಲ್ಲ. ಅಲ್ಲಿ 'ನೂರು ಕೊಟ್ಟೆ, ಸಾವಿರ ಬಂತು' ಅಷ್ಟೇ. ಈ ಕಸುಬಿನ ಗುಟ್ಟು ಏನು ಕೊಳ್ತೀರಿ ಅನ್ನೋದಕ್ಕಿಂತ ಹೆಚ್ಚಾಗಿ ಕಸವನ್ನ ಎಲ್ಲಿ, ಎಷ್ಟಕ್ಕೆ ಹಾಕ್ತೀರಿ ಅನ್ನೋದರಲ್ಲಿದೆ. ಅರ್ಧ ಯೂನಿಟ್ ಕಸವೇ. ಹಾಸಿಗೆ ಬಿಟ್ಟಿ ಕೊಟ್ರೂ ಯಾರೂ ಮುಟ್ಟಲ್ಲ. ಮಗುವಿನ ಕಾರ್ ಸೀಟಿಗೂ ಎಕ್ಸ್‌ಪೈರಿ ಡೇಟ್ ಇರುತ್ತೆ, ದಾಟಿದ್ರೆ ಮಾರಬಾರದು. ಆನ್‌ಲೈನಲ್ಲಿ ಮಾರೋಣ ಅಂದ್ರೆ ಇಬೇನವರು ನೂರಕ್ಕೆ ಹದಿಮೂರು ಚಿಲ್ಲರೆ ಹಿಡ್ಕೋತಾರೆ. ಆದ್ದರಿಂದ ಭಾರದ್ದೆಲ್ಲ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಲ್ಲಿ, ಬಂದು ಎತ್ಕೊಂಡು ಹೋಗಿ ಅಂತ.

ಫೋಟೋ ನೋಡೋದು ಹೇಗೆ ಅಂತ ಕೇಳ್ತೀರಲ್ಲ, ನಾನು ನೋಡೋದು ಎರಡೇ. ಒಂದೇ ಅಳತೆ ಡಬ್ಬ, ಟೇಪ್ ಹಾಕಿ ಮೇಲೆ 'ಕಿಚನ್', 'ಬುಕ್ಸ್' ಅಂತ ಬರೆದಿದ್ರೆ ನಿಧಾನಕ್ಕೆ, ವಾಪಸ್ ಬರ್ತೀವಿ ಅನ್ಕೊಂಡು ಕಟ್ಟಿಟ್ಟೋರು. ಕರೀ ಕಸದ ಚೀಲದಲ್ಲಿ ತುಂಬಿ ಎಸೆದಿದ್ರೆ ಒಂದೇ ರಾತ್ರಿಯಲ್ಲಿ ಮನೆ ಬಿಟ್ಟೋರು. ದುಡ್ಡು ಮೊದಲನೇದರಲ್ಲಿ.

ನಾನು ಹೇಳಿದ 310 ಡಾಲರಿನ ಯೂನಿಟ್ ಮೊದಲನೇ ಥರದ್ದು. ಡಬ್ಬಗಳ ಮೇಲೆ ಮುದ್ದಾದ ಇಂಗ್ಲಿಷ್ ಅಕ್ಷರ. 'ಕಿಚನ್ 3' ಅನ್ನೋದನ್ನ ಬಿಚ್ಚಿದೆ. ಮೇಲೆ ಟವೆಲ್ ಸುತ್ತಿದ ಕುಕ್ಕರ್, ಇಂಡಿಯಾದ್ದು. ಸರಿ, ಇಲ್ಲಿ ಕುಕ್ಕರ್ ಇಲ್ಲದ ದೇಸಿ ಮನೆ ಯಾವುದು. ಅದರ ಕೆಳಗೆ ಹಿತ್ತಾಳೆ ಚಕ್ಕುಲಿ ಒರಳು. ಅದರ ಕೆಳಗೆ ಸ್ಟೀಲಿನ ಡಬರಿ. ಪಕ್ಕದ ಮನೆಯವನು ಅದನ್ನ ಎತ್ತಿ, "ಮಿಕ್ಸಿಂಗ್ ಬೌಲ್, ಎರಡು ಡಾಲರ್" ಅಂತ ರಾಶಿಗೆ ಹಾಕ್ದ. ಶಟರಿನಿಂದ ಬಿಸಿಲು ಬೀಳ್ತಿತ್ತಲ್ಲ, ಅಂಚಿನ ಕೆಳಗೆ ಚುಕ್ಕಿ ಚುಕ್ಕಿ ಹೊಳೀತು. ಬಗ್ಗಿ ನೋಡ್ತೀನಿ, ಕನ್ನಡ.

ನಮ್ಮ ಪಾತ್ರೆ ಅಂಗಡಿಗಳಲ್ಲಿ ಟರ್ರ್ ಅಂತ ಮಿಷನ್ ಹಿಡಿದು ಹೆಸರು ಹಾಕಿಕೊಡ್ತಾರಲ್ಲ, ಅದೇ ಅಕ್ಷರ. ಒಂದು ಹೆಸರು, ಒಂದು ಊರು, ಒಂದು ತಾರೀಕು. ಮದುವೆಗೆ ಯಾರೋ ಉಡುಗೊರೆ ಕೊಟ್ಟಿದ್ದು. ಆ ಅಕ್ಕ ಅದನ್ನ ಸೂಟ್‌ಕೇಸಿನಲ್ಲಿ ಇಟ್ಕೊಂಡು, ಇಪ್ಪತ್ತಮೂರು ಕೆಜಿ ಲೆಕ್ಕದಲ್ಲಿ ಬೇರೇನೋ ಬಿಟ್ಟು, ಇಲ್ಲಿಗೆ ತಂದಿದ್ರು.

ನಾನು ತಗಡಿನ ಗೋಡೆಗೆ ಒರಗಿ ಕೂತೆ. ಕತೆ ಏನಾಗಿರಬೇಕು ಅಂತ ನನಗೇನು ಗೊತ್ತು, ಆದರೆ ಇಲ್ಲಿರೋ ನಮ್ಮವರಿಗೆ ಊಹೆ ಕಷ್ಟ ಅಲ್ಲ. ಎಚ್-1ಬಿ ಮೇಲಿದ್ದು ಕೆಲಸ ಹೋದರೆ ಹೆಚ್ಚಂದ್ರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಸಿಗಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಲೀಸ್ ಮುರೀಬೇಕು, ಕಾರ್ ಮಾರಬೇಕು, ಮಕ್ಕಳನ್ನ ಸ್ಕೂಲಿನಿಂದ ಬಿಡಿಸಬೇಕು. ಆರು ತಿಂಗಳಲ್ಲಿ ವಾಪಸ್ ಬರ್ತೀವಿ ಅಂತ ಸಾಮಾನನ್ನ ಸ್ಟೋರೇಜಿಗೆ ಹಾಕಿ, ಕಾರ್ಡಿಗೆ ಆಟೋಪೇ ಕೊಟ್ಟು ವಿಮಾನ ಹತ್ತುತಾರೆ. ಕಾರ್ಡ್ ಒಂದಿನ ಸತ್ತುಹೋಗುತ್ತೆ. ನೋಟಿಸ್ ಹೋಗೋದು ಕೊನೇ ವಿಳಾಸಕ್ಕೆ, ಅಂದ್ರೆ ಅವರು ಖಾಲಿ ಮಾಡಿದ ಅಪಾರ್ಟ್‌ಮೆಂಟಿಗೆ, ಇಲ್ಲಾ ಯಾರೂ ತೆಗೆಯದ ಒಂದು ಇಮೇಲಿಗೆ. ಎಲ್ಲ ಕಾನೂನಿನ ಪ್ರಕಾರವೇ ನಡೆಯುತ್ತೆ. ಯಾರ ತಪ್ಪೂ ಅಲ್ಲ ಅನ್ನೋ ಹಂಗೆ ನಡೆಯುತ್ತೆ.

ಶಿಕಾಗೋದಲ್ಲಿ ವಿವಿಯನ್ ಮೇಯರ್ ಅಂತ ಒಬ್ಬಾಕೆ ಇದ್ರು. ಹೊಟ್ಟೆಪಾಡಿಗೆ ಬೇರೆಯವರ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ, ಕುತ್ತಿಗೆಯಲ್ಲಿ ಯಾವಾಗಲೂ ಕ್ಯಾಮೆರಾ. ಲಕ್ಷಕ್ಕೂ ಮೀರಿ ಬೀದಿ ಚಿತ್ರ ತೆಗೆದು, ಹೆಚ್ಚುಕಮ್ಮಿ ಯಾರಿಗೂ ತೋರಿಸದೆ ಸ್ಟೋರೇಜಲ್ಲಿ ಇಟ್ಟಿದ್ರು. ವಯಸ್ಸಾಯ್ತು, ಬಾಡಿಗೆ ಕಟ್ಟೋಕಾಗಲಿಲ್ಲ, 2007ರಲ್ಲಿ ಎಲ್ಲ ಹರಾಜಿಗೆ ಹೋಯ್ತು. ಜಾನ್ ಮಾಲೂಫ್ ಅನ್ನೋ ಹುಡುಗ ಸುಮಾರು 400 ಡಾಲರಿಗೆ ಒಂದು ಪೆಟ್ಟಿಗೆ ನೆಗೆಟಿವ್ ಕೊಂಡ. ಇವತ್ತು ಆಕೆಯ ಚಿತ್ರಗಳು ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿವೆ. ಈ ಕತೆಯನ್ನೂ ನಿಧಿ ಕತೆ ಥರಾನೇ ಹೇಳ್ತಾರೆ. ಆದರೆ ಹರಾಜಾದ ದಿನ ಆಕೆ ಬದುಕಿದ್ರು ಕಣ್ರೀ! ಅದೇ ಊರಲ್ಲಿ. ತೀರಿಕೊಂಡಿದ್ದು 2009ರ ಏಪ್ರಿಲ್‌ನಲ್ಲಿ. ಆ ಹುಡುಗ ಹೆಸರು ಹಿಡಿದು ಹುಡುಕೋ ಹೊತ್ತಿಗೆ ಸಿಕ್ಕಿದ್ದು ಸಾವಿನ ಸುದ್ದಿ. ಆಮೇಲೆ ಕಾಪಿರೈಟ್ ಯಾರದು ಅಂತ ವರ್ಷಗಟ್ಟಲೆ ವ್ಯಾಜ್ಯ, ಯಾಕಂದ್ರೆ ನೆಗೆಟಿವ್ ಕೊಂಡ ಮಾತ್ರಕ್ಕೆ ಚಿತ್ರದ ಹಕ್ಕು ಬರಲ್ಲ.

ನಾನೇನು ಈ ಕಸುಬು ಬಿಡ್ತೀನಿ ಅಂತ ಹೇಳ್ತಿಲ್ಲ. ನಾಳೆ ಶನಿವಾರವೂ ಹೋಗ್ತೀನಿ. ಬಾಡಿಗೆ ಕಟ್ಟದ ಕೋಣೆ ಖಾಲಿಯಾಗಲೇಬೇಕು, ನಾನಲ್ಲದಿದ್ರೆ ಇನ್ನೊಬ್ಬ ಮಾಡ್ತಾನೆ. ಆ ವಾಷರ್ ಡ್ರೈಯರ್ ಕೊಂಡೋರು ಆಗಷ್ಟೇ ಮದುವೆಯಾದ ಜೋಡಿ, ಹೊಸದಕ್ಕೆ ದುಡ್ಡಿರಲಿಲ್ಲ, ಕುಣಿದಾಡಿಕೊಂಡು ಹೋದ್ರು. ಇದು ಗುಜರಿ ಕೆಲಸ. ನಮ್ಮ ಬೆಂಗಳೂರಿನ ಜಾಲಿ ಮೊಹಲ್ಲಾದಲ್ಲಿ, ಶಿವಾಜಿನಗರದಲ್ಲಿ ಮಾಡೋ ಕೆಲಸವೇ. ಅವರ್ಯಾರೂ ತಮ್ಮನ್ನ 'ಟ್ರೆಷರ್ ಹಂಟರ್' ಅಂತ ಕರ್ಕೊಳ್ಳಲ್ಲ, 'ಪ್ಯಾಸಿವ್ ಇನ್‌ಕಮ್' ಅಂತ ಕೋರ್ಸ್ ಮಾರಲ್ಲ. ನನಗೆ ಮೈ ಉರಿಯೋದು ಇದಕ್ಕೆ. ಕ್ಯಾಮೆರಾ ಹಿಡಿದು ಯಾರದೋ ಪತ್ರ ಓದಿ ನಗೋದು, ಯಾರದೋ ಮಗುವಿನ ಆಲ್ಬಮ್ ತಿರುವಿ 'ಜಂಕ್' ಅಂತ ಎಸೆಯೋದು. ವ್ಯೂಸ್ ಬರುತ್ತೆ, ಹೌದು. ಬಂದ ಹಣದಲ್ಲಿ ಅದೂ ಒಂದು ಭಾಗ ಅಂತ ಒಪ್ಕೊಳ್ಳಿ ಮತ್ತೆ, ಪೈಸೆ ಲೆಕ್ಕ ತೋರಿಸುವಾಗ.

ಫೋಟೋ, ಸರ್ಟಿಫಿಕೇಟು, ಪಾಸ್‌ಪೋರ್ಟು, ಚಿತಾಭಸ್ಮ. ಹೌದು, ಅದೂ ಸಿಗುತ್ತೆ. ಇವನ್ನ ಸ್ಟೋರೇಜ್ ಆಫೀಸಿಗೆ ವಾಪಸ್ ಕೊಡಬೇಕು ಅನ್ನೋದು ಸಾಮಾನ್ಯವಾಗಿ ಎಲ್ಲ ಹರಾಜಿನ ಷರತ್ತು. ನಾನೂ ಒಂದು ಡಬ್ಬ ತುಂಬ ಆಲ್ಬಮ್ಮು, ಮಾರ್ಕ್ಸ್ ಕಾರ್ಡು ಕೊಟ್ಟೆ. ಆಫೀಸಿನ ಹುಡುಗಿ ಫೋನ್ ಮಾಡಿ ನೋಡಿದ್ಲು, ನಂಬರ್ ಚಾಲ್ತಿಯಲ್ಲಿಲ್ಲ. ಡಬರಿಯನ್ನೂ ಮುಂದಿಟ್ಟೆ. "ಇದು ಪಾತ್ರೆ ಸರ್, ಲಿಸ್ಟಲ್ಲಿಲ್ಲ, ನಿಮ್ಮದೇ" ಅಂದ್ಲು.

ಮನೆಗೆ ತಂದೆ. ಹೆಂಡತಿ ಹೆಸರು ಓದಿದ್ಲು, ಏನೂ ಮಾತಾಡಲಿಲ್ಲ. ಅದರಲ್ಲಿ ನಾವು ಅಡಿಗೆ ಮಾಡಿಲ್ಲ, ಮೇಲಿನ ಕಪಾಟಿನಲ್ಲಿದೆ. ಆ ಊರಿನ ಕಡೆಯವರಿಬ್ಬರನ್ನ ಇಲ್ಲಿನ ಯುಗಾದಿ ಕಾರ್ಯಕ್ರಮದಲ್ಲಿ ಕೇಳಿಯೂ ಆಯ್ತು.

ಇದನ್ನ ನೋಡ್ತಿರೋರಲ್ಲಿ ಯಾರಾದ್ರೂ ಡಲ್ಲಾಸ್ ಬಿಟ್ಟು ಊರಿಗೆ ಹೋದೋರಿದ್ರೆ, ಅಥವಾ ಹೋದೋರು ಗೊತ್ತಿದ್ರೆ, ಹೆಸರನ್ನ ನಾನು ಇಲ್ಲಿ ಹೇಳಲ್ಲ, ಊರನ್ನೂ ಹೇಳಲ್ಲ. ಡಬರಿ ಮೇಲೆ ಏನು ಬರೆದಿದೆ ಅನ್ನೋದನ್ನ ನೀವು ನನಗೆ ಹೇಳಿ. ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿದೆ, ಅದು ಹೆಸರಿನ ಎಡಕ್ಕೋ ಬಲಕ್ಕೋ ಅಂತಲೂ ಹೇಳಿ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಬರ್ತಿದೀನಿ, ಸೂಟ್‌ಕೇಸಿನಲ್ಲಿ ಜಾಗ ಇಟ್ಟಿದೀನಿ. ಚಕ್ಕುಲಿ ಒರಳನ್ನೂ ತರ್ತೀನಿ.