ಬಾಲ ಎತ್ತಿ ನೋಡಿ: ಮರಿಗಾಗಿ ಹೆಣ್ಣುಕುದುರೆ ಕೊಳ್ಳುವವರಿಗೆ

ಕೇಳುಗರಿಗೆ ನಮಸ್ಕಾರ.

ಮರಿ ಮಾಡಿಸಲಿಕ್ಕೆಂದು ಹೆಣ್ಣುಕುದುರೆ ಕೊಳ್ಳಲು ಹೊರಟವರು ಮೊದಲು ಏನು ನೋಡುತ್ತಾರೆ? ಸುಳಿ ನೋಡುತ್ತಾರೆ. ನಾಲ್ಕು ಕಾಲೂ ಮುಖವೂ ಬೆಳ್ಳಗಿದ್ದರೆ ಪಂಚಕಲ್ಯಾಣಿ ಎಂದು ಕೈಮುಗಿಯುತ್ತಾರೆ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಆಮೇಲೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಮುಗಿಸುತ್ತಾರೆ. ಬಾಲ ಎತ್ತಿ ನೋಡುವವರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಮರಿ ಬರುವುದು ಸುಳಿಯಿಂದಲ್ಲ ಸ್ವಾಮಿ! ನಾಚಿಕೆ ಬೇಡ, ಬಾಲ ಎತ್ತಿ ನೋಡಿ.

ಒಂದು ಮನೆಯ ಸಂಗತಿ ಹೇಳುತ್ತೇನೆ. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಕುಟುಂಬ ಅದು. ಪಕ್ಕದ ಊರಿನಿಂದ ಬಿಳಿ ಕುದುರೆಯೊಂದನ್ನು ತಂದಿದ್ದರು. ಆರು ತಿಂಗಳ ಗಬ್ಬ ಎಂದು ಹೇಳಿ ಮಾರಿದ್ದರಂತೆ. ಹೊಟ್ಟೆಯೂ ದೊಡ್ಡದಿತ್ತು, ನಂಬಿದರು. ಕುದುರೆ ಗಬ್ಬ ಹೊರುವುದು 11 ತಿಂಗಳು. ಇನ್ನು ಐದೇ ತಿಂಗಳು ಅಂತ ಆ ಮನೆಯ ಅಜ್ಜಿ ಅಮಾವಾಸ್ಯೆಗೊಂದರಂತೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುತ್ತಿದ್ದರು. ದಿನಾ ರಾತ್ರಿ ಹುರುಳಿ ಬೇಯಿಸಿ ತಾವೇ ತಿನ್ನಿಸುತ್ತಿದ್ದರು. ಐದು ಗೆರೆ ಆಯಿತು, ಆರಾಯಿತು, ಏಳೂ ಆಯಿತು. ಆಗ ನನ್ನನ್ನು ಕರೆಸಿದರು.

ನಾನು ಪಕ್ಕಕ್ಕೆ ನಿಂತು ಬಾಲ ಎತ್ತಿದೆ. ಗುದ ಒಳಕ್ಕೆ ಸೇದಿಕೊಂಡಿತ್ತು. ಅದರ ಕೆಳಗೆ ಯೋನಿಯ ತುಟಿಗಳು ನೆಟ್ಟಗೆ ಇಳಿದಿರಬೇಕು, ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಬೇಕು. ಇಲ್ಲಿ ಅವು ಹಲಗೆಯ ಹಾಗೆ ಮಲಗಿದ್ದವು, ಬಾಯಿ ಬಿಟ್ಟಿದ್ದವು. ಹಾಕಿದ ಲದ್ದಿಯೆಲ್ಲ ನೇರ ಅದರ ಮೇಲೇ ಬೀಳುತ್ತಿತ್ತು. ನಾಲ್ಕು ಹೆಜ್ಜೆ ನಡೆಸಿ ಅಂದೆ. ನಡೆದಾಗ ಗಾಳಿ ಒಳಕ್ಕೆ ಎಳೆದುಕೊಳ್ಳುವ ಸದ್ದು ನನಗೂ ಕೇಳಿಸಿತು, ಅಜ್ಜಿಗೂ ಕೇಳಿಸಿತು. ಗಾಳಿಯ ಜೊತೆ ಕೊಳೆ ಹೋಗುತ್ತದೆ, ಗರ್ಭಕೋಶಕ್ಕೆ ಸೋಂಕು ಹತ್ತುತ್ತದೆ, ಗಬ್ಬ ನಿಲ್ಲುವುದಿಲ್ಲ. ಕೈ ಹಾಕಿ ನೋಡಿದೆ, ಖಾಲಿ. ಹೊಟ್ಟೆ ತುಂಬ ಇದ್ದದ್ದು ಮೇವು ಮತ್ತು ಜಂತುಹುಳ. ಕೆಲವು ಕುದುರೆಗಳಿಗೆ ಅಲ್ಲಿ ಹೊಲಿಗೆ ಹಾಕಿದರೆ ಸರಿಹೋಗುತ್ತದೆ. ಇದಕ್ಕೆ ಹೊತ್ತು ಮೀರಿತ್ತು. ಅಜ್ಜಿ ಏನೂ ಮಾತಾಡಲಿಲ್ಲ, ಸೆರಗಿನ ತುದಿಯಿಂದ ಗೋಡೆಯ ಗೆರೆ ಒರೆಸಿದರು. ಕೊಳ್ಳುವ ದಿನ ಯಾರಾದರೂ ಒಬ್ಬರು ಬಾಲ ಎತ್ತಿದ್ದರೆ ಸಾಕಿತ್ತು!

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಗಬ್ಬ ಎಂದು ಹೇಳಿದರೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಗಂಡುಕುದುರೆಯ ಜೊತೆ ಕೂಡಿಸಿದ 16 ದಿನಕ್ಕೇ ಸ್ಕ್ಯಾನಿಂಗಿನಲ್ಲಿ ಗೊತ್ತಾಗುತ್ತದೆ. ಗ್ಲ್ಯಾಂಡರ್ಸ್ ಎಂಬ ಕುದುರೆಗಳ ಅಂಟುರೋಗಕ್ಕೆ ರಕ್ತಪರೀಕ್ಷೆ ಆಗಲೇಬೇಕು. ಅದು ಮನುಷ್ಯರಿಗೂ ಅಂಟುತ್ತದೆ, ರೋಗ ಖಚಿತವಾದ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಹಲ್ಲು ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ಐದು ವರ್ಷಕ್ಕೆ ಬಾಯಿ ಕೂಡುತ್ತದೆ, ಅಂದರೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಪೂರ್ತಿಯಾಗುತ್ತದೆ, ಅದನ್ನೂ ನೋಡಿ. ಆದರೆ ಬಾಲ ಎತ್ತಿದ ಮೇಲೆ ನೋಡಿ.

ರೇಸಿನ ಕುದುರೆಗಳಿಗೆ ತಾಯಿ ತಂದೆಯ ದಾಖಲೆ ಇರುತ್ತದೆ. ನಮ್ಮ ಹಳ್ಳಿಯ ಕುದುರೆಗೆ ಊರೇ ದಾಖಲೆ. ಹತ್ತಿರದವರ ಬಳಿ ಕೊಳ್ಳುವುದರ ದೊಡ್ಡ ಲಾಭ ಅದೇ. ಹಿಂದೆ ಹಾಕಿದ ಮರಿ ಅಲ್ಲೇ ಯಾರದೋ ಮನೆಯ ಮುಂದೆ ಕಟ್ಟಿರುತ್ತದೆ. ಎಷ್ಟು ಮರಿ ಹಾಕಿದೆ, ಕೊನೆಯದು ಯಾವಾಗ, ಆಮೇಲೆ ಎಷ್ಟು ಸಲ ಗಂಡುಕುದುರೆಯ ಜೊತೆ ಕೂಡಿಸಿದರು ಎಂದು ನೆರೆಮನೆಯವರನ್ನು ಕೇಳಿ.

ಈ ವಾರ ಯಾರಾದರೂ ಕುದುರೆ ನೋಡಲು ಹೊರಟಿದ್ದರೆ ಬೆಳಗ್ಗೆಯೇ ಹೋಗಿ, ದೀಪ ಹಚ್ಚಿದ ಮೇಲೆ ವ್ಯಾಪಾರಕ್ಕೆ ಕೂರಬೇಡಿ. ಮಾರುವವರೇ ಕುದುರೆಯ ತಲೆ ಹಿಡಿದುಕೊಳ್ಳಲಿ. ನೀವು ಹಿಂದೆ ನಿಲ್ಲದೆ ತೊಡೆಗೆ ಒತ್ತಿಕೊಂಡು ಪಕ್ಕದಲ್ಲಿ ನಿಂತು ಬಾಲ ಎತ್ತಿ. ಎತ್ತಲು ಬಿಡುವುದಿಲ್ಲ ಎಂದರೆ ದುಡ್ಡು ಜೇಬಿನಲ್ಲಿಟ್ಟುಕೊಂಡು ಮನೆಗೆ ಬನ್ನಿ.

ನಮಸ್ಕಾರ.