ರೇಟು ಕೇಳಿದ್ರಾ?

ಕೇಳುಗರಿಗೆ ನಮಸ್ಕಾರ. ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಈಗಷ್ಟೇ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ರೇಡಿಯೋ ಹಾಕಿರುವವರು ಇದ್ದೀರಲ್ಲ, ನಾನು ಮಾತಾಡುತ್ತಿರುವುದು ನಿಮ್ಮ ಹತ್ತಿರ.

ಬ್ಯಾಂಕಿನಲ್ಲಿ ಸಣ್ಣ ಉದ್ದಿಮೆ ಸಾಲದ ಮೇಜಿನ ಹಿಂದೆ ಇಪ್ಪತ್ತಾರು ವರ್ಷ ಕೂತವನು ನಾನು. ಅಷ್ಟೂ ವರ್ಷ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು. “ನಮ್ಮಂಥವರಿಗೆ ಅದೆಲ್ಲ ಎಲ್ಲಿ ಆಗುತ್ತೆ ಸಾರ್?” ರೇಟು ಜಾಸ್ತಿ ಮಾಡಿ ಅಂದರೆ ಅದೇ ಮಾತು. ಟೆಂಡರ್ ಹಾಕಿ ಅಂದರೂ ಅದೇ ಮಾತು. ಆಗಲ್ಲ ಅಂತ ಯಾರು ಹೇಳಿದರು? ವಿಚಾರಿಸಿದರೆ ಯಾರೂ ಹೇಳಿರುವುದಿಲ್ಲ. ಆಗಲ್ಲ ಅನ್ನುವುದಿದ್ದರೆ ಎದುರಿಗಿರುವವರು ಅನ್ನಲಿ. ಅವರ ಬದಲು ನೀವೇ ಅಂದುಕೊಳ್ಳಬೇಡಿ.

ಪೀಣ್ಯ ಎರಡನೇ ಹಂತದಲ್ಲಿ ಒಬ್ಬರಿದ್ದರು. ಎರಡು ಲೇತ್, ಅಂದರೆ ಕಬ್ಬಿಣ ತಿರುಗಿಸಿ ಕಡೆಯುವ ಮೆಷಿನ್ನು, ಇಬ್ಬರು ಹುಡುಗರು. ಒಂದು ದೊಡ್ಡ ಕಂಪನಿಗೆ ಬುಷ್, ಅಂದರೆ ಮೆಷಿನ್ನಿಗೆ ಹಾಕುವ ಸಣ್ಣ ಕೊಳವೆಯಂಥ ಬಿಡಿಭಾಗ, ಮಾಡಿಕೊಡುವ ಜಾಬ್ ವರ್ಕ್. ರಾಡು ಕಂಪನಿಯದು, ಕೆಲಸ ಇವರದು. ಒಂದು ಬುಷ್‌ಗೆ 9 ರೂಪಾಯಿ. ಆರು ವರ್ಷದಿಂದ ಅದೇ 9 ರೂಪಾಯಿ! ಓಡಿ, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯಲು ಬ್ಯಾಂಕು ಕೊಡುವ ಓವರ್‌ಡ್ರಾಫ್ಟ್ ಸಾಲ, ಅದನ್ನು ಇನ್ನಷ್ಟು ಜಾಸ್ತಿ ಮಾಡಿಕೊಡಿ ಅಂತ ನನ್ನ ಹತ್ತಿರ ಬಂದರು.

“ರೇಟು ಕೇಳಿದ್ರಾ?” ಅಂದೆ.

“ಅಯ್ಯೋ, ಕೇಳಿದ್ರೆ ನಾಳೆಯಿಂದ ಮಾಲೇ ಬರಲ್ಲ ಸಾರ್.”

ಆ ಶನಿವಾರ ಅವರ ಶೆಡ್‌ಗೇ ಹೋದೆ. ಒಂದು ಹಳೇ ಡೆಲಿವರಿ ಚಲನ್ ತಿರುಗಿಸಿ, ಅದರ ಹಿಂದೆ ಬರೆಯುತ್ತಾ ಕೂತೆವು. ಮೊದಲನೇ ಲೇತಿನಲ್ಲಿ ದಿನಕ್ಕೆ 200 ಬುಷ್. ಹುಡುಗನ ದಿನದ ಸಂಬಳ 900. ಬಾಡಿಗೆಯಲ್ಲಿ ಆ ಲೇತಿನ ಪಾಲು 420. ಕರೆಂಟು 230. ಕೂಲೆಂಟು, ಆಟೋ ಸೇರಿ 200. ಲೇತಿನಲ್ಲಿ ಕಡೆಯುವ ಮೊನೆ, ಅಂದರೆ ಇನ್ಸರ್ಟ್, 150. ಕೂಡಿದರೆ 1,900 ರೂಪಾಯಿ. ಬರುತ್ತಿದ್ದದ್ದು 1,800. “ಇದರಲ್ಲಿ ನಿಮ್ಮ ಸಂಬಳ ಎಲ್ಲಿದೆ?” ಅಂತ ಕೇಳಿದೆ. ಅವರು ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸುತ್ತಾ ಸುಮ್ಮನೆ ನಿಂತುಬಿಟ್ಟರು. ಎರಡನೇ ಲೇತ್ ದುಡಿದದ್ದನ್ನು ಮೊದಲನೆಯದು ತಿಂದು ಹಾಕುತ್ತಿತ್ತು. ಅದನ್ನು ಮುಚ್ಚಲು ಓಡಿ ಬೇಕಿತ್ತು.

ಆಮೇಲೂ ಅವರದು ಅದೇ ರಾಗ. “ನನಗೆ ಇಂಗ್ಲಿಷ್ ಲೆಟರ್ ಬರೆಯೋಕೆ ಬರಲ್ಲ.” ಲೆಕ್ಕಕ್ಕೆ ಯಾವ ಇಂಗ್ಲಿಷ್ ಬೇಕು ಹೇಳಿ? ಆ ಚಲನ್ ಹಿಂದೆ ಇದ್ದದ್ದನ್ನೇ ಲೆಟರ್‌ಹೆಡ್ ಮೇಲೆ ಇಳಿಸಿದೆವು. ಕೊನೆಗೆ, 12 ರೂಪಾಯಿ ಆದರೆ ಗಿಟ್ಟುತ್ತದೆ ಅಂತ ಬರೆದರು. ಅದನ್ನು ಜೇಬಿನಲ್ಲಿಟ್ಟುಕೊಂಡು ಹತ್ತು ದಿನ ಓಡಾಡಿದರು! ನಾನು ಫೋನ್ ಮಾಡಿ ಮಾಡಿ ಸಾಕಾಯಿತು. ಕೊನೆಗೊಂದು ದಿನ ಹೋಗಿ ಕೊಟ್ಟರು. ಪರ್ಚೇಸ್ ಆಫೀಸರ್ ಓದಿ ಏನಂದರು ಗೊತ್ತಾ? “ಬೇರೆ ಪಾರ್ಟಿಗಳೆಲ್ಲ ಎರಡು ವರ್ಷದ ಹಿಂದೆನೇ ರೇಟು ರಿವೈಸ್ ಮಾಡಿಸಿಕೊಂಡ್ರು. ನೀವು ಕೇಳಲೇ ಇಲ್ಲ. ನಿಮಗೆ ಗಿಟ್ಟುತ್ತೆ ಅಂದ್ಕೊಂಡಿದ್ದೆ.”

11 ರೂಪಾಯಿ 50 ಪೈಸೆಗೆ ಒಪ್ಪಿಗೆಯಾಯಿತು. ಎರಡು ವರ್ಷದ ದುಡ್ಡು ಹೋದದ್ದು ಹೋಯಿತು. ಅದನ್ನು ಕಂಪನಿ ಕಿತ್ತುಕೊಳ್ಳಲಿಲ್ಲ, ಇವರೇ ಬಿಟ್ಟುಕೊಟ್ಟಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಕತೆಗೇ ಜಾಸ್ತಿ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ನಮ್ಮ ಬೆಂಗಳೂರಿನಲ್ಲೇ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಇವೆ. “ಅಲ್ಲಿಗೆಲ್ಲ ನಮ್ಮನ್ನು ಯಾರು ಸೇರಿಸ್ತಾರೆ?” ಅನ್ನುತ್ತೀರಿ. ಕೇಂದ್ರದ ಇಂಥ ಉದ್ದಿಮೆಗಳು ವರ್ಷಕ್ಕೆ ಕೊಳ್ಳುವುದರಲ್ಲಿ ಶೇಕಡ 25ರಷ್ಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದಲೇ ಕೊಳ್ಳಬೇಕು ಅಂತ ನಿಯಮವಿದೆ. ಅದರಲ್ಲಿ ಶೇಕಡ 3 ಹೆಣ್ಣುಮಕ್ಕಳ ಉದ್ದಿಮೆಗಳಿಗೆ. ನಿಮಗೆ ಟೆಂಡರ್ ಫಾರಂ ಫ್ರೀ, ಇಎಂಡಿ, ಅಂದರೆ ಟೆಂಡರ್ ಜೊತೆ ಇಡುವ ಠೇವಣಿ, ಕಟ್ಟುವುದೂ ಬೇಕಿಲ್ಲ. ಅಲ್ಲೂ ಒಂದು ಸಲ ಕೇಳಿ. ಆಗಲ್ಲ ಅನ್ನುವುದಿದ್ದರೆ ಅವರೇ ಅನ್ನಲಿ.

ಮಾಲು ಕೊಟ್ಟು ಮೂರು ತಿಂಗಳಾದರೂ ದುಡ್ಡು ಬಂದಿಲ್ಲವೇ? ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಕಾಯ್ದೆ ಪ್ರಕಾರ ಕೊಂಡವರು 45 ದಿನದೊಳಗೆ ಕೊಡಬೇಕು. ತಡವಾದರೆ ಬಡ್ಡಿಯನ್ನೂ ಕೊಡಬೇಕು. ಕೇಳುವುದು ನಿಮ್ಮ ಹಕ್ಕು. ಸಾಲವೂ ಹಾಗೇ. 2015ರಿಂದ ಮುದ್ರಾ ಸಾಲ ಇದೆ. 10 ಲಕ್ಷದವರೆಗೆ ಮನೆ ಪತ್ರ ಅಡ ಇಡಬೇಕಿಲ್ಲ.

ಟೆಂಡರಿಗೂ 45 ದಿನದ ಹಕ್ಕಿಗೂ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸಿಕೊಂಡದ್ದು, ಇರಲಿ. ಆಧಾರ್, ಪ್ಯಾನ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಫೀಸ್ ಇಲ್ಲ.

ಇವತ್ತು ಷಟರ್ ಎಳೆಯುವ ಮೊದಲು ಒಂದು ಚಲನ್ ತಿರುಗಿಸಿ. ನೀವು ಮಾಡುವ ಯಾವುದಾದರೂ ಒಂದೇ ಒಂದು ಐಟಂ ತೆಗೆದುಕೊಂಡು ಅದರ ಖರ್ಚು ಬರೆಯಿರಿ. ಮೊದಲನೇ ಸಾಲಿನಲ್ಲಿ ನಿಮ್ಮ ಸಂಬಳ ಇರಲಿ. ನಮಸ್ಕಾರ.