ಕೃಷ್ಣಗಿರಿಗೆ ರೈಲು ಎಷ್ಟು ಹೊತ್ತಿಗೆ?

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಮದುವೆಯೊಂದು ಕೃಷ್ಣಗಿರಿಯ ಛತ್ರದಲ್ಲಿ ಗೊತ್ತಾಗಿತ್ತು. ಮೈಸೂರಿನಿಂದ ಸೋದರಮಾವ ಫೋನ್ ಮಾಡಿ, "ಏನಪ್ಪಾ, ಕೃಷ್ಣಗಿರಿಗೆ ರೈಲು ಎಷ್ಟು ಹೊತ್ತಿಗೆ?" ಎಂದು ಕೇಳಿದರು. "ಮಾವ, ಅದು 1941ರಲ್ಲೇ ಹೊರಟುಹೋಯಿತು" ಎಂದೆ. ಅವರು ನಗಲಿಲ್ಲ. ತಮಿಳುನಾಡಿನ ಜಿಲ್ಲಾ ಕೇಂದ್ರವೊಂದಕ್ಕೆ ರೈಲಿಲ್ಲ ಎಂಬುದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಹೊಸೂರಿನ ಸುತ್ತಮುತ್ತಲಿನ ನಮ್ಮಂಥ ಕನ್ನಡದವರಿಗೆ ಬೆಂಗಳೂರು ಹಿತ್ತಲ ಬಾಗಿಲಿದ್ದಂತೆ, ಕೃಷ್ಣಗಿರಿ ಮುಂಬಾಗಿಲು. ಪಹಣಿ, ಕೋರ್ಟು, ಕಲೆಕ್ಟರ್ ಕಚೇರಿ ಎಲ್ಲವೂ ಆ ಕಡೆಗೇ. ಹಿತ್ತಲಿಗೆ ಹೋಗಲು ರೈಲುಂಟು, ಮುಂಬಾಗಿಲಿಗೆ ಇಲ್ಲ. ಹಿಂದೆ ಇತ್ತು ಎಂಬುದು ಈಗ ಎಷ್ಟೋ ಜನಕ್ಕೆ ಗೊತ್ತೂ ಇಲ್ಲ.

ಅದರ ಬೇರು ಬರಗಾಲದಲ್ಲಿದೆ. ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರಲ್ಲ, 1876ರಿಂದ 78ರವರೆಗಿನ ಆ ಬರ ಅಂದಿನ ಸೇಲಂ ಜಿಲ್ಲೆಯನ್ನು ಹಿಂಡಿಹಾಕಿತು. ಕಾಳು ಒಂದು ಕಡೆ ಇದ್ದರೂ ಹಸಿದವರ ಊರಿಗೆ ಅದನ್ನು ಸಾಗಿಸುವ ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರೋಣವೆಂದರೆ ಎತ್ತುಗಳೇ ಮೇವಿಲ್ಲದೆ ಬಿದ್ದುಹೋಗಿದ್ದವು. ಬರದ ಸೀಮೆಗಳಿಗೆ ರೈಲು ಹಾಕಬೇಕು ಎಂದು ಬರಗಾಲದ ಆಯೋಗ ಹೇಳಿದ ಮೇಲೂ ಕಾಲು ಶತಮಾನ ಕಳೆಯಿತು. ಕೊನೆಗೆ 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ, ಮರುವರ್ಷ ಮೊರಪ್ಪೂರಿನಿಂದ ಧರ್ಮಪುರಿಗೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಬಂತು. 1913ರಲ್ಲಿ ಧರ್ಮಪುರಿಯ ಹಳಿ ನಮ್ಮ ಹೊಸೂರನ್ನೂ ಮುಟ್ಟಿತು.

ಏರು ಬಂದಾಗ ಜನ ಇಳಿದು ರೈಲಿನ ಪಕ್ಕದಲ್ಲೇ ನಡೆಯುತ್ತಿದ್ದರು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನಾಡಿನ ಪ್ರತಿಯೊಂದು ಸಣ್ಣ ರೈಲಿನ ಬಗ್ಗೆಯೂ ಇದೇ ಕಥೆ ಕೇಳಿದ್ದೇನೆ. ಆದ್ದರಿಂದ ಅಜ್ಜನ ಮಾತನ್ನು ಅರ್ಧ ಮಾತ್ರ ನಂಬುತ್ತೇನೆ.

ಎರಡನೆಯ ಮಹಾಯುದ್ಧ ಬಂತು, ಕಬ್ಬಿಣಕ್ಕೆ ಬೆಲೆ ಬಂತು. 1941ರಲ್ಲಿ ಎರಡು ಮಾರ್ಗಗಳನ್ನೂ ಮುಚ್ಚಿದರು. ಹಸಿದವರಿಗಾಗಿ ಹಾಸಿದ ಹಳಿಯನ್ನು ಯುದ್ಧಕ್ಕಾಗಿ ಕಿತ್ತರು. ಮುಂದೆ 1960ರ ದಶಕದಲ್ಲಿ ಸೇಲಂನಿಂದ ಧರ್ಮಪುರಿ, ಹೊಸೂರುಗಳ ಮೇಲೆ ಬೆಂಗಳೂರಿಗೆ ಮೀಟರ್ ಗೇಜ್ ಹಳಿ ಬಂತು; ಆಮೇಲೆ ಅದೇ ಐದೂವರೆ ಅಡಿ ಅಗಲದ ಬ್ರಾಡ್ ಗೇಜ್ ಆಯಿತು. ಮೊರಪ್ಪೂರಿನ ತುಂಡು, ಕೃಷ್ಣಗಿರಿಯ ತುಂಡು ಮಾತ್ರ ಹೋದದ್ದು ಹೋದಂತೆಯೇ ಉಳಿದವು.

ಈಗ ಅವೆರಡರ ಮಾತೂ ಮತ್ತೆ ಎದ್ದಿದೆ. ಮೊರಪ್ಪೂರು–ಧರ್ಮಪುರಿ ಮಾರ್ಗ ಸುಮಾರು 36 ಕಿಲೋಮೀಟರ್. ಅದಕ್ಕೆ 2016–17ರ ರೈಲ್ವೆ ಬಜೆಟ್ಟಿನಲ್ಲಿ ಒಪ್ಪಿಗೆ ಸಿಕ್ಕಿ, 2019ರಲ್ಲಿ ಶಂಕುಸ್ಥಾಪನೆಯಾಯಿತು. ಜೋಲಾರಪೇಟೆಯಿಂದ ಕೃಷ್ಣಗಿರಿಯ ಮೇಲೆ ಹೊಸೂರಿಗೆ ಬರುವ ಮಾರ್ಗ ಇನ್ನೂ ಸಮೀಕ್ಷೆಗಳ ನಡುವೆಯೇ ಸುತ್ತುತ್ತಿದೆ.

ಹಳೆಯ ರೈಲು ವಾಪಸು ಬರುತ್ತಿದೆ ಎಂದು ಜನ ಸಂಭ್ರಮಪಡುತ್ತಾರೆ. ಆದರೆ ವಾಪಸು ಬರಲು ಅಲ್ಲಿ ಏನು ಉಳಿದಿದೆ? ಆ ಜಾಡಿನ ಮೇಲೆ ಮನೆಗಳೆದ್ದಿವೆ, ಹೊಲಗಳಾಗಿವೆ, ರಸ್ತೆ ಹರಿದಿದೆ. ಎರಡೂವರೆ ಅಡಿಯ ರೈಲು ಆಡಿನಂತೆ ಎಲ್ಲಿ ಬೇಕಾದರೂ ತಿರುಗಿಕೊಳ್ಳುತ್ತಿತ್ತು. ಐದೂವರೆ ಅಡಿಯ ಇಂದಿನ ಹಳಿಗೆ ಅಂಥ ತಿರುವು ಒಗ್ಗುವುದಿಲ್ಲ, ಅಷ್ಟು ಕಡಿದಾದ ಏರೂ ಆಗದು. ಬರುವುದಾದರೆ ಹೊಸ ರೈಲೇ ಬರಬೇಕು. ಅದು ಹೊಸಬರ ಜಮೀನನ್ನು ಕೇಳುತ್ತದೆ. ಮೂರೆಕರೆ ಮಾವಿನ ತೋಪಿನ ನಡುವೆ ಗೂಟ ನೆಟ್ಟು ಹೋದರೆ, ಆ ರೈತನ ಮುಂದೆ ಇತಿಹಾಸ ಹೇಳಿ ಪ್ರಯೋಜನವಿಲ್ಲ. ಫಲ ಕೊಡುವ ಮರಕ್ಕೆ ಎಷ್ಟು ಕೊಡುತ್ತೀರಿ, ಯಾವಾಗ ಕೊಡುತ್ತೀರಿ ಎಂದು ಅವನು ಕೇಳುತ್ತಾನೆ. ಅದಕ್ಕೆ ಮೊದಲು ಉತ್ತರ ಸಿಗಲಿ.

ಹೆದ್ದಾರಿಯಲ್ಲಿ ಬಸ್ಸಿಗೇನು ಬರವಿಲ್ಲ, ರೈಲು ಯಾಕೆ ಎನ್ನುವವರೂ ಇದ್ದಾರೆ. ತೋತಾಪುರಿ ಹಣ್ಣಿನ ಕಾಲದಲ್ಲಿ ಅವರು ಒಮ್ಮೆ ಕೃಷ್ಣಗಿರಿಯ ರಸ್ತೆಗೆ ಬಂದು ನಿಲ್ಲಲಿ. ತಿರುಳು ತೆಗೆಯುವ ಕಾರ್ಖಾನೆಗಳ ಮುಂದೆ ಹಣ್ಣಿನ ಲಾರಿಗಳು ಸಾಲುಗಟ್ಟಿರುತ್ತವೆ, ಅವುಗಳ ಪಕ್ಕದಲ್ಲೇ ಗ್ರಾನೈಟ್ ಹೊತ್ತ ಲಾರಿ ನುಗ್ಗುತ್ತಿರುತ್ತದೆ. ರೈಲು ಬೇಕು, ಆದರೆ ನನ್ನದೊಂದು ಷರತ್ತಿದೆ. ಬೆಳಿಗ್ಗೆ ಕೋರ್ಟು ತೆರೆಯುವ ಮೊದಲು ಕೃಷ್ಣಗಿರಿಗೆ ತಲುಪಿಸಿ ಸಂಜೆ ಮರಳಿ ಕರೆತರುವ ರೈಲೊಂದು ಇರಲೇಬೇಕು. ನಡುರಾತ್ರಿ ಎರಡು ನಿಮಿಷ ನಿಂತು ಓಡುವ ಎಕ್ಸ್‌ಪ್ರೆಸ್ಸಿಗಾಗಿ ಯಾರೂ ತೋಪು ಕೊಡಬೇಕಾಗಿಲ್ಲ.

ಅಂದಹಾಗೆ, ಸೋದರಮಾವ ಮದುವೆಗೆ ಬಂದರು. ಹೊಸೂರಿನಲ್ಲಿ ಇಳಿದು, ಆಟೋ ಹಿಡಿದು, ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ. ಧಾರೆಗೆ ತಪ್ಪಿದರು, ಊಟಕ್ಕೆ ಸಿಕ್ಕಿದರು. ನೀವೂ ಆ ಕಡೆ ಬರುವವರಿದ್ದರೆ, ಆಟೋ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ನಮಸ್ಕಾರ.